ಡಯಲ್ ಎಂ ಫಾರ್ ಮರ್ಡರ್: ಆ ಬೀಗದ ಕೈ ಲೆಕ್ಕ ಯಾರಾದ್ರೂ ಬಿಡಿಸಿ ಹೇಳ್ತೀರಾ? (ಪೂರ್ತಿ ಸ್ಪಾಯ್ಲರ್)

ಸೆಕೆಂಡ್‌ಶೋ:
ನಿನ್ನೆ ರಾತ್ರಿ ಡೈರೆಕ್ಟರ್ ಹಿಚ್‌ಕಾಕ್‌ದು 1954ರ ಈ ಪಿಕ್ಚರ್ ಮೊದಲನೇ ಸಲ ನೋಡ್ದೆ. ಹಳೇದು, ಅದ್ರಲ್ಲೂ ಹೆಚ್ಚುಕಮ್ಮಿ ಲಂಡನ್ನಿನ ಒಂದೇ ಮನೇಲಿ ನಡೆಯೋದು, ಅರ್ಧ ಗಂಟೇಲಿ ನಿದ್ದೆ ಬರುತ್ತೆ ಅನ್ಕೊಂಡಿದ್ದೆ, ಮುಗಿಯೋ ತನಕ ನೀರು ಕುಡಿಯೋಕೂ ಎದ್ದಿಲ್ಲ ಮಾರಾಯ್ರೆ. ಗಂಡ ಟೋನಿ ಹೆಂಡ್ತಿ ಮಾರ್ಗೋನ ಮುಗಿಸೋಕೆ ಕಾಲೇಜು ದಿನಗಳ ಪರಿಚಯದ ಸ್ವಾನ್ ಅನ್ನೋನಿಗೆ ಸಾವಿರ ಪೌಂಡ್‌ಗೆ ಮಾತಾಡ್ತಾನೆ, ಕೊನೆಗೆ ಕೊಲ್ಲೋಕೆ ಬಂದವನೇ ಅವಳ ಕೈಲಿ ಸಾಯ್ತಾನೆ, ಕೊಲೆ ಕೇಸು ಅವಳ ಮೇಲೇ ಬೀಳುತ್ತೆ, ಅಲ್ಲೀತನಕ ಸರಿ. ಆಮೇಲೆ ಆ ಕೀ ವಿಷಯದಲ್ಲಿ ತಲೆ ಕೆಟ್ಟೋಯ್ತು. ಎಷ್ಟು ಕೀ ಇವೆ, ಯಾವ್ದು ಯಾರ್ದು? ಇನ್ನೊಂದು, ಟೋನಿ ವಾಚ್ ನಿಂತು, ಫೋನ್ ಬೂತಲ್ಲಿ ಬೇರೆ ಯಾರೋ ಇದ್ದು, ಮಾರ್ಗೋನ ಫೋನ್ ಹತ್ರ ಬರ್ಸೋಕೆ ಮಾಡ್ಬೇಕಿದ್ದ ಕಾಲ್ ಲೇಟಾಗುತ್ತಲ್ಲ, ಆವಾಗ ನಾನು 'ಬೇಗ ಮಾಡೋ' ಅಂತ ಕೊಲೆ ಮಾಡ್ಸೋನ ಪರವಾಗೇ ಒದ್ದಾಡ್ತಿದ್ದೆ. ನಂಗೊಬ್ಬನಿಗೇನಾ ಹಿಂಗೆ?

ಬಾಲ್ಕನಿಸೀಟು:
ಒಬ್ರಿಗಲ್ಲ ಬಿಡಿ, ಎಲ್ರಿಗೂ ಹಂಗೇ ಆಗುತ್ತೆ, ಅದೇ ಹಿಚ್‌ಕಾಕ್ ಕೈಚಳಕ. ಅರ್ಧ ಪ್ಲಾನ್ ನಮ್ಮ ಮುಂದೇನೇ ಹಾಕ್ಸಿದ್ದಾನಲ್ಲ, ನಾವೂ ಪಾಲುದಾರರಾಗೋಗಿರ್ತೀವಿ.

ಕೀ ಲೆಕ್ಕ ಹೀಗೆ. ಮನೆ ಕೀ ಎರಡು, ಒಂದು ಟೋನೀದು ಒಂದು ಮಾರ್ಗೋದು. ಟೋನಿ ಹೆಂಡ್ತಿ ಬ್ಯಾಗಿಂದ ಅವಳ ಕೀ ಎಗರಿಸಿ ಮನೆ ಹೊರಗೆ ಮೆಟ್ಟಿಲ ಕಾರ್ಪೆಟ್ ಅಡಿ ಇಟ್ಟಿರ್ತಾನೆ. ಸ್ವಾನ್ ಕೆಲಸ ಮುಗ್ಸಿ ಹೋಗೋವಾಗ ವಾಪಸ್ ಇಡ್ತಾನೆ ಅನ್ನೋದು ಟೋನಿ ಲೆಕ್ಕ. ಆದ್ರೆ ಆ ಪುಣ್ಯಾತ್ಮ ಬಾಗಿಲು ತೆಗೆದ ತಕ್ಷಣವೇ ಕೀನ ಕಾರ್ಪೆಟ್ ಅಡಿ ಇಟ್ಟು ಆಮೇಲೆ ಒಳಗೆ ಹೋಗಿರ್ತಾನೆ! ಹಾಗಾಗಿ ಹೆಣದ ಜೇಬಿಂದ ಟೋನಿ ತೆಗೆದು ಮಾರ್ಗೋ ಬ್ಯಾಗಿಗೆ ಹಾಕಿದ್ದು ಸ್ವಾನ್‌ನ ಸ್ವಂತ ಮನೆ ಕೀ. ಇನ್ಸ್‌ಪೆಕ್ಟರ್ ಹಬರ್ಡ್ ಇದನ್ನ ಕಂಡುಹಿಡಿದು, ಟೋನಿ ರೇನ್‌ಕೋಟ್‌ನ ತನ್ನ ಕೋಟ್ ಜೊತೆ ಅದಲು ಬದಲು ಮಾಡ್ತಾನೆ, ಅದರಲ್ಲಿದ್ದ ಟೋನಿ ಕೀ ಹಬರ್ಡ್ ಕೈಗೆ ಬಂತು. ಈಗ ಟೋನಿಗೆ ಬೇರೆ ದಾರಿ ಇಲ್ಲ, ಪೊಲೀಸ್ ಸ್ಟೇಷನ್ನಿಂದ ಹೆಂಡ್ತಿ ಬ್ಯಾಗ್ ತಂದು ಅದ್ರಲ್ಲಿರೋ ಕೀ ಹಾಕ್ತಾನೆ, ಬಾಗಿಲು ತೆಗೆಯಲ್ಲ. ಕಾರ್ಪೆಟ್ ಅಡಿ ಕೈ ಹಾಕಿದ್ನೋ, ಮುಗೀತು, ಕೀ ಅಲ್ಲಿರೋದು ಪ್ಲಾನ್ ಮಾಡಿದೋನಿಗೆ ತಾನೇ ಗೊತ್ತಿರೋದು.

ಗಾಂಧಿಕ್ಲಾಸ್:
ಮೇಲಿನೋರು ಚೆನ್ನಾಗಿ ಹೇಳಿದ್ರು. ನಂಗೆ ಕೀಗಿಂತ ಇಷ್ಟ ಆಗೋದು ಆ ಕತ್ತರಿ. ಅವತ್ತು ರಾತ್ರಿ ಮಾರ್ಗೋ ಸಿನಿಮಾಗೆ ಹೋಗ್ತೀನಿ ಅಂತಾಳೆ, ಟೋನಿ ಪೂಸಿ ಹೊಡೆದು ಮನೇಲಿ ಕೂರಿಸ್ತಾನೆ, ನನ್ನ ಟೆನಿಸ್ ಬಗ್ಗೆ ಪೇಪರಲ್ಲಿ ಬಂದಿದ್ದನ್ನೆಲ್ಲ ಕತ್ತರಿಸಿ ಆಲ್ಬಮ್‌ಗೆ ಅಂಟಿಸು ಅಂತ. ಅದಕ್ಕೇ ಕತ್ತರಿ ಹೊರಗೆ ಬಂದಿದ್ದು, ಅದೇ ಕತ್ತರಿ ಸ್ವಾನ್ ಬೆನ್ನಿಗೆ! ಅವಳು ಮನೇಲಿರ್ಲಿ ಅಂತ ಅವನೇ ಹುಡುಕಿದ ನೆಪ ಕಣ್ರೀ ಅದು.

ಅವಳ ಬಟ್ಟೆ ಬಣ್ಣಾನೂ ನೋಡಿ, ಮೊದ್ಲು ಕೆಂಪು, ಕಥೆ ಮುಂದೆ ಹೋದಂಗೆ ಮಾಸ್ತಾ ಮಾಸ್ತಾ ಹೋಗುತ್ತೆ. ಕೋರ್ಟ್ ಸೀನಂತೂ ಅದ್ಭುತ, ಕೋರ್ಟೇ ತೋರ್ಸಲ್ಲ, ಮಾರ್ಗೋ ಆಗಿರೋ ಗ್ರೇಸ್ ಕೆಲ್ಲಿ ಮುಖ, ಹಿಂದೆ ಬಣ್ಣದ ಬೆಳಕು, ಬರೀ ದನಿಗಳು. ಎರಡು ನಿಮಿಷದಲ್ಲಿ ಗಲ್ಲು ಶಿಕ್ಷೆ. ನಮ್ ಕಡೆ ಆಗಿದ್ರೆ ಅರ್ಧ ಗಂಟೆ 'ಮೈ ಲಾರ್ಡ್'.

ಕಾಫಿಪುಡಿ:
ಎಲ್ರೂ ಹೊಗಳ್ತಿದೀರ, ನಾನೊಂದು ತಕರಾರು ಹೇಳ್ಲಾ, ಮೂಲತಃ ಇದು ಫ್ರೆಡರಿಕ್ ನಾಟ್ ಅವರ ನಾಟಕ, ಸಿನಿಮಾ ಆದ್ಮೇಲೂ ನಾಟಕದ ವಾಸನೆ ಹೋಗಿಲ್ಲ, ಮಾತು ಮಾತು ಮಾತು. ಮಾರ್ಗೋ ಪ್ರಿಯಕರ ಮಾರ್ಕ್ ಮರದ ಬೊಂಬೆ ಥರ ಇದಾನೆ. ಆದ್ರೆ ಒಂದು ಒಪ್ಕೋತೀನಿ, ಪತ್ತೇದಾರಿ ಕಥೆ ಬರೆಯೋ ಅವನು ಮಾರ್ಗೋನ ಉಳಿಸೋಕೆ 'ನೀನೇ ಕೊಲೆ ಮಾಡ್ಸಿದೆ ಅಂತ ಸುಳ್ಳು ಹೇಳು' ಅಂತ ಟೋನಿಗೇ ಒಂದು ಕಥೆ ಕಟ್ಟಿ ಕೊಡ್ತಾನಲ್ಲ, ಅದು ಹೆಚ್ಚುಕಮ್ಮಿ ನಡೆದಿದ್ದೇ! ಆಗ ಟೋನಿ ಆಗಿರೋ ರೇ ಮಿಲಾಂಡ್ ಮುಖ ನೋಡ್ಬೇಕು.

ಅಂದಹಾಗೆ ಇದು 3ಡಿ ಪಿಕ್ಚರ್, ಲ್ಯಾಂಪು ಬಾಟಲಿಗಳು ಕ್ಯಾಮೆರಾ ಮುಂದೆ ಇಟ್ಟಿರೋದು ಅದಕ್ಕೇ. ಬರೋ ಹೊತ್ತಿಗೆ 3ಡಿ ಹುಚ್ಚು ಇಳಿದಿತ್ತು, ಹೆಚ್ಚಿನ ಥಿಯೇಟರಲ್ಲಿ ಮಾಮೂಲಿಯಾಗೇ ಓಡ್ತು. ಹಿಂದೀಲಿ 1985ರಲ್ಲಿ ಐತ್‌ಬಾರ್ ಅಂತ ಮಾಡಿದ್ರು, ಡಿಂಪಲ್, ರಾಜ್ ಬಬ್ಬರ್. ಹಾಡು ಇದೆ, ಬೇಕಾದ್ರೆ ನೋಡಿ.

ಸೆಕೆಂಡ್‌ಶೋ:
ಥ್ಯಾಂಕ್ಸ್ ಎಲ್ರಿಗೂ, ಕೀ ಕ್ಲಿಯರ್ ಆಯ್ತು. ಇವತ್ತು ಮತ್ತೆ ಹಾಕ್ದೆ, ಅಮ್ಮಾನೂ ಜೊತೆ ಕೂತ್ರು, ನಾನೇನೂ ಹೇಳಿರ್ಲಿಲ್ಲ. ಮಾರ್ಗೋ ಕತ್ತರಿ ತೆಗೆದ ತಕ್ಷಣ 'ಆ ಕತ್ತರಿ ಕೈಗೆ ಸಿಗೋ ಕಡೆ ಇಟ್ಕೊಳೇ ಹುಡ್ಗಿ' ಅಂದ್ಬಿಟ್ರು.