ಮೂರು ಸಲ ರಿಪೇರಿಯಾದರೂ ಸರಿಹೋಗದ ಲ್ಯಾಪ್‌ಟಾಪ್: ನಾಲ್ಕನೇ ಸಲ ಕೊಡುವ ಮುಂಚೆ ಏನು ಮಾಡಬೇಕು?

ಕೇಳಿದವರು, ಶಿವಮೊಗ್ಗ

ಎಂಟು ತಿಂಗಳ ಹಿಂದೆ 62,000 ರೂಪಾಯಿಗೆ ತಗೊಂಡ ಲ್ಯಾಪ್‌ಟಾಪ್. ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ ಸ್ಕ್ರೀನ್ ಕಪ್ಪಾಗುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಮೂರು ಸಲ ಕೊಟ್ಟಾಯಿತು. ಮೊದಲ ಸಲ ವಿಂಡೋಸ್ ಹೊಸದಾಗಿ ಹಾಕಿದರು, ಎರಡನೇ ಸಲ ರ‍್ಯಾಮ್ ಬದಲಿಸಿದರು, ಮೂರನೇ ಸಲ ಮದರ್‌ಬೋರ್ಡೇ ಬದಲಾಯಿತು. ಮನೆಗೆ ತಂದು ಎರಡು ದಿನ ಸುಮ್ಮನಿತ್ತು, ಆಮೇಲೆ ಅದೇ ರಾಗ. ವಾರಂಟಿ ಮುಗಿಯಲು ನಾಲ್ಕು ತಿಂಗಳಿದೆ. ಬದಲಿ ಲ್ಯಾಪ್‌ಟಾಪ್ ಕೇಳಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಲ್ಯಾಪ್‌ಟಾಪ್ ರಿಪೇರಿ ಮಾಡುವವರು, ಬೆಂಗಳೂರು

ಬದಲಿ ಕೇಳೋದು ಆಮೇಲಿನ ಮಾತು ಸಾರ್. ಕಪ್ಪಾಗುತ್ತಿರುವುದು ಬರೀ ಸ್ಕ್ರೀನೋ ಇಡೀ ಮಷೀನೋ ಅನ್ನೋದನ್ನೇ ಮೂರು ಸಲದಲ್ಲಿ ಯಾರೂ ನೋಡಿದಂತಿಲ್ಲ.

ಒಂದು ಹಾಡು ಹಾಕಿಟ್ಟು ಕೆಲಸ ಮಾಡಿ. ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಯನ್ನು ಮೊದಲೇ ಜೋಡಿಸಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿಡಿ. ಸ್ಕ್ರೀನ್ ಕಪ್ಪಾದಾಗ ಪವರ್ ಬಟನ್‌ಗೆ ಕೈ ಹಾಕಬೇಡಿ. ಹಾಡು ನಿಂತಿತಾ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಪುಟ್ಟ ದೀಪ ಹತ್ತಿ ಆರುತ್ತದಾ? ಟಿವಿಯಲ್ಲಿ ಚಿತ್ರ ಇದೆಯಾ? ಆಮೇಲೆ ಕೋಣೆಯ ದೀಪ ಆರಿಸಿ ಫೋನಿನ ಟಾರ್ಚನ್ನು ಸ್ಕ್ರೀನ್‌ಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ ಅಂತ ಅರ್ಥ. ಕೊನೆಯದಾಗಿ ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಸರಿಸಿ ನೋಡಿ.

ಹಾಡೂ ನಿಂತು, ಟಿವಿಯೂ ಕಪ್ಪಾಗಿ, ಕ್ಯಾಪ್ಸ್ ಲಾಕ್ ಸತ್ತಿದ್ದರೆ ತೊಂದರೆ ಬೋರ್ಡ್ ಕಡೆ: ಬಿಸಿ, ಪವರ್ ಅಥವಾ ಗ್ರಾಫಿಕ್ಸ್. ಹಾಡು ಓಡುತ್ತಿದ್ದು ಟಿವಿಯಲ್ಲೂ ಚಿತ್ರ ಇದ್ದರೆ ತೊಂದರೆ ಹೆಚ್ಚಾಗಿ ಬೋರ್ಡಿನದ್ದಲ್ಲ.

ಉತ್ತರ: ಕಚೇರಿಯೊಂದರ ಐಟಿ ಸಪೋರ್ಟ್, ಮೈಸೂರು

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಮದರ್‌ಬೋರ್ಡ್ ಯಾಕೆ ಬದಲಾಯಿತು ಅನ್ನೋದಕ್ಕೆ ನನ್ನ ಊಹೆ ಇದು. ಇಂಜಿನಿಯರ್ ಈವೆಂಟ್ ವ್ಯೂವರ್ (ಮಷೀನ್‌ನಲ್ಲಿ ಆದದ್ದನ್ನು ವಿಂಡೋಸ್ ಬರೆದಿಡುವ ಪಟ್ಟಿ) ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್‌ಗೆ ಹೋಗಿರುತ್ತಾರೆ. ಅಲ್ಲಿ ‘ಕರ್ನಲ್-ಪವರ್ 41’ ಸಾಲುಸಾಲಾಗಿ ಕಂಡಿರುತ್ತದೆ. ಪವರ್ ಹೋಗುತ್ತಿದೆ, ಬೋರ್ಡ್ ಹಾಕಿ ಅಂದುಬಿಟ್ಟಿರಬಹುದು. ಆದರೆ 41 ಬರೆಯುವುದು ಮಷೀನ್ ಆರಿದ ಗಳಿಗೆಯಲ್ಲಲ್ಲ, ಮತ್ತೆ ಆನ್ ಆದಾಗ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನೋದಷ್ಟೇ ಅದರ ಅರ್ಥ. ನೀವು ಬಟನ್ ಒತ್ತಿ ಹಿಡಿದು ಆರಿಸಿದರೂ ಅದೇ 41 ಬರುತ್ತದೆ.

ಆ ಸಾಲಿನ ಮೇಲೆ ಎರಡು ಸಲ ಒತ್ತಿ ‘ಡೀಟೇಲ್ಸ್’ ನೋಡಿ. ‘ಬಗ್‌ಚೆಕ್ ಕೋಡ್’ (ವಿಂಡೋಸ್ ತಾನೇ ಕುಸಿದಿದ್ದರೆ ಬರುವ ಅಂಕಿ) ಸೊನ್ನೆ ಇದ್ದು, ‘ಪವರ್ ಬಟನ್ ಟೈಮ್‌ಸ್ಟಾಂಪ್’ ಎದುರು ಸೊನ್ನೆಯಲ್ಲದ ಉದ್ದನೆ ಅಂಕಿ ಇದ್ದರೆ ಅದು ಬೆರಳಿನಿಂದ ಆರಿಸಿದ್ದು. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬೇಕಾಗುತ್ತದೆ.

ಇನ್ನೊಂದು ಪರೀಕ್ಷೆ: 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಬರೆದು, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಎಂದು ಅದರಿಂದಲೇ ಒಂದು ಗಂಟೆ ಓಡಿಸಿ. ಅಲ್ಲೂ ಕಪ್ಪಾದರೆ ‘ಸಾಫ್ಟ್‌ವೇರ್ ತೊಂದರೆ, ವಾರಂಟಿಗೆ ಬರಲ್ಲ’ ಅನ್ನುವ ಮಾತಿಗೆ ಜಾಗವೇ ಇಲ್ಲ.

ಕೇಳಿದವರು, ಶಿವಮೊಗ್ಗ

ಎಲ್ಲ ಮಾಡಿದೆ. ಹಾಡು ಓಡುತ್ತಲೇ ಇತ್ತು, ಕ್ಯಾಪ್ಸ್ ಲಾಕ್ ದೀಪ ಹತ್ತಿತು, ಟಿವಿಯಲ್ಲಿ ಚಿತ್ರ ಚೆನ್ನಾಗಿತ್ತು. ಟಾರ್ಚ್‌ಗೆ ಏನೂ ಕಾಣಲಿಲ್ಲ. ಮುಚ್ಚಳ ಸ್ವಲ್ಪ ಹಿಂದಕ್ಕೆ ತಳ್ಳಿದಾಗ ಒಂದು ಕ್ಷಣ ಹಸಿರು ಗೆರೆಗಳು ಬಂದು ಚಿತ್ರ ವಾಪಸ್ ಬಂತು. ಉಬುಂಟುನಲ್ಲೂ ಹಾಗೇ.

ಉತ್ತರ: ಲ್ಯಾಪ್‌ಟಾಪ್ ರಿಪೇರಿ ಮಾಡುವವರು, ಬೆಂಗಳೂರು

ಹಾಗಾದರೆ ಡಿಸ್‌ಪ್ಲೇ ಕೇಬಲ್, ಇಲ್ಲವೇ ಪ್ಯಾನಲ್ (ಚಿತ್ರ ಮೂಡುವ ಸ್ಕ್ರೀನ್ ಫಲಕ). ಬೋರ್ಡ್‌ನಿಂದ ಹೊರಟ ಒಂದು ಚಪ್ಪಟೆ ಕೇಬಲ್ ಹಿಂಜ್, ಅಂದರೆ ಮುಚ್ಚಳದ ಕೀಲಿನ ಪಕ್ಕದಲ್ಲಿ ಸುತ್ತಿಕೊಂಡು ಸ್ಕ್ರೀನ್ ಹಿಂಭಾಗಕ್ಕೆ ಹೋಗುತ್ತದೆ. ಸಾಮಾನ್ಯ ಫುಲ್ ಎಚ್‌ಡಿ ಪ್ಯಾನಲ್‌ಗಳಲ್ಲಿ ಅದು 30 ಪಿನ್ನಿನದು. ಪಿನ್‌ಗಳು ಅಕ್ಕಿಕಾಳಿಗಿಂತ ಸಣ್ಣವು. ಒಳಗಿನ ಎಳೆ ಹಿಂಜ್ ಹತ್ತಿರ ಮುರಿಯುತ್ತದೆ, ಇಲ್ಲವೇ ಒಂದು ತುದಿಯ ಕನೆಕ್ಟರ್ ಕೂದಲೆಳೆಯಷ್ಟು ಓರೆಯಾಗಿ ಕೂತಿರುತ್ತದೆ. ತಣ್ಣಗಿದ್ದಾಗ ತಾಗುತ್ತದೆ, ಬಿಸಿಯಾಗಿ ಹಿಗ್ಗಿದಾಗ ಬಿಡುತ್ತದೆ. ನಿಮ್ಮ ‘ಅರ್ಧ ಮುಕ್ಕಾಲು ಗಂಟೆ’ಗೆ ಕಾರಣ ಅದೇ. ಸರ್ವಿಸ್ ಸೆಂಟರ್‌ನಲ್ಲಿ ಐದು ನಿಮಿಷ ಟೆಸ್ಟ್ ಓಡಿಸಿದರೆ ಎಲ್ಲ ‘ಪಾಸ್’ ಅಂತ ಬರುವುದಕ್ಕೂ ಅದೇ. ಬೋರ್ಡ್ ಬದಲಿಸಿದ ಮೇಲೆ ಎರಡು ದಿನ ಸರಿ ಇತ್ತಲ್ಲ, ಅದು ಹೊಸ ಬೋರ್ಡಿನ ಮಹಿಮೆಯಲ್ಲ. ಬೋರ್ಡ್ ತೆಗೆಯುವಾಗ ಈ ಕೇಬಲ್ಲನ್ನೂ ಕಿತ್ತು ಮತ್ತೆ ಸಿಕ್ಕಿಸಿರುತ್ತಾರೆ, ಹೊಸದಾಗಿ ಕೂತಾಗ ಕೆಲವು ದಿನ ಕಚ್ಚಿಕೊಂಡಿರುತ್ತದೆ.

ಮುಚ್ಚಳದ ಸೆನ್ಸರ್ ಇರಬಹುದಾ ಅಂತ ಯಾರಾದರೂ ಕೇಳುತ್ತಾರೆ. ಅಯಸ್ಕಾಂತದ ಪಟ್ಟಿಯಿರುವ ವಾಚ್ ಕಟ್ಟಿಕೊಂಡು ಟೈಪ್ ಮಾಡಿದರೂ ಮುಚ್ಚಳ ಮುಚ್ಚಿದೆ ಅಂದುಕೊಂಡು ಕೆಲವು ಲ್ಯಾಪ್‌ಟಾಪ್ ಮಲಗಿಬಿಡುತ್ತವೆ. ಆದರೆ ಹಾಗೆ ಮಲಗಿದ್ದರೆ ಹಾಡೂ ನಿಲ್ಲುತ್ತಿತ್ತು. ಇಲ್ಲಿ ನಿಂತಿಲ್ಲ.

ಕೇಬಲ್ ಮತ್ತು ಪ್ಯಾನಲ್ ಎರಡನ್ನೂ ಒಂದೇ ಭೇಟಿಯಲ್ಲಿ ಬದಲಿಸಲು ಕೇಳಿ. ಈ ಸಲ ಕೇಬಲ್, ಸರಿಹೋಗದಿದ್ದರೆ ಮುಂದಿನ ಸಲ ಪ್ಯಾನಲ್ ಅಂದರೆ ವಾರಂಟಿ ಮುಗಿದೇ ಹೋಗುತ್ತದೆ.

ಉತ್ತರ: ಹಿಂದೆ ಸರ್ವಿಸ್ ಸೆಂಟರ್ ಕೌಂಟರ್‌ನಲ್ಲಿದ್ದವರು, ಹುಬ್ಬಳ್ಳಿ

ಕಾಯಿಲೆ ಗೊತ್ತಾಯ್ತು, ಸರಿ. ಅದು ಜಾಬ್ ಶೀಟ್ (ರಿಪೇರಿಗೆ ಕೊಟ್ಟಾಗ ದೂರು ಬರೆಯೋ ಚೀಟಿ) ಮೇಲೆ ಬರದಿದ್ದರೆ ಏನೂ ಆದಂಗಿಲ್ರೀ. ಒಳಗಿನ ಇಂಜಿನಿಯರ್ ನಿಮ್ಮನ್ನ ನೋಡೋದಿಲ್ಲ, ಕೌಂಟರ್‌ನವರು ಬರೆದ ಎರಡು ಪದ ನೋಡ್ತಾನೆ. ‘ಡಿಸ್‌ಪ್ಲೇ ಪ್ರಾಬ್ಲಂ’ ಅಂತಿದ್ದರೆ ಆನ್ ಮಾಡ್ತಾನೆ, ಚಿತ್ರ ಬರತೈತಿ, ‘ನೋ ಫಾಲ್ಟ್ ಫೌಂಡ್’ ಬರೀತಾನೆ. ಹಿಂಗ ಬರೆಸ್ರಿ:

‘40 ನಿಮಿಷ ಬಳಸಿದ ಮೇಲೆ ಒಳಗಿನ ಸ್ಕ್ರೀನ್ ಮಾತ್ರ ಕಪ್ಪಾಗುತ್ತದೆ. ಆಗ ಆಡಿಯೋ, ಕೀಬೋರ್ಡ್, ಎಚ್‌ಡಿಎಂಐ ಚಿತ್ರ ಸರಿ ಇರುತ್ತವೆ. ಮುಚ್ಚಳದ ಕೋನ ಬದಲಿಸಿದರೆ ಚಿತ್ರ ವಾಪಸ್ ಬರುತ್ತದೆ. ಉಬುಂಟುನಲ್ಲೂ ಇದೇ ತೊಂದರೆ. ಇದು ಅದೇ ದೂರಿಗೆ ನಾಲ್ಕನೇ ಭೇಟಿ.’ ಕೆಳಗೆ ಹಿಂದಿನ ಮೂರೂ ಜಾಬ್ ಶೀಟ್ ನಂಬರ್. ಜಾಗ ಇಲ್ಲ ಅಂದರೆ ಇದನ್ನೇ ಪ್ರಿಂಟ್ ತಗೊಂಡು ಪಿನ್ ಹಾಕಿಸಿ, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸ್ಕೊರಿ. ಕೊನೆಯ ಸಾಲು ಭಾಳ ಮುಖ್ಯ. ಅದಿಲ್ಲದಿದ್ದರೆ ಪ್ರತಿ ಸಲವೂ ಹೊಸ ದೂರು ಅಂತ ಸಿಸ್ಟಮ್‌ನಾಗ ಏರತೈತಿ.

ಕೊಡೋ ಮುಂಚೆ ನಾಲ್ಕೂ ಮೂಲೆ, ಎರಡೂ ಹಿಂಜ್, ತಳದ ಸ್ಕ್ರೂ, ಪೋರ್ಟ್‌ಗಳ ಫೋಟೋ ಕೌಂಟರ್ ಮುಂದೇ ತೆಗೀರಿ. ‘ಸಿಐಡಿ’ ಅಂತ ಬರೆದರೆ ಗ್ರಾಹಕರಿಂದಲೇ ಆದ ಹಾನಿ ಅಂತ ಅರ್ಥ, ಪೊಲೀಸರದ್ದಲ್ಲ. ಹಿಂಜ್ ಹತ್ತಿರ ಒಂದು ಸಣ್ಣ ಬಿರುಕಿದ್ದರೂ ಆ ಮೂರಕ್ಷರ ಬಂದು ವಾರಂಟಿ ಕೈ ತಪ್ಪತೈತಿ.

ವಾಪಸ್ ತಗೊಳ್ಳುವಾಗ ಫೋನಿಗೆ ಒಟಿಪಿ ಬರತೈತಿ. ಅದನ್ನ ಹೇಳಿದಿರಿ ಅಂದರೆ ಕೇಸ್ ಮುಚ್ಚಿತು. ಅಲ್ಲೇ ಕೂತು ಒಂದು ಗಂಟೆ ವಿಡಿಯೋ ಓಡಿಸಿ, ಮುಚ್ಚಳ ಹತ್ತು ಸಲ ಆಡಿಸಿ, ಆಮೇಲೆ ಹೇಳ್ರಿ. ಕೌಂಟರ್‌ನವರಿಗೆ ಸಿಟ್ಟು ಬರತೈತಿ, ಬರಲಿ.

ಉತ್ತರ: ವಕೀಲರು, ದಾವಣಗೆರೆ

ಬದಲಿಯ ಪ್ರಶ್ನೆಗೆ ಬರುತ್ತೇನೆ. ಇಷ್ಟು ಸಲ ರಿಪೇರಿ ವಿಫಲವಾದರೆ ಹೊಸದು ಕೊಡಲೇಬೇಕು ಎಂಬ ನಿಗದಿತ ಲೆಕ್ಕ ನಮ್ಮ ಕಾನೂನಿನಲ್ಲಿಲ್ಲ. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 39ರ ಪ್ರಕಾರ ದೋಷ ಸರಿಪಡಿಸಲು, ವಸ್ತು ಬದಲಿಸಿಕೊಡಲು, ಹಣ ಬಡ್ಡಿ ಸಮೇತ ಹಿಂತಿರುಗಿಸಲು ಮತ್ತು ಪರಿಹಾರ ಕೊಡಲು ಜಿಲ್ಲಾ ಗ್ರಾಹಕ ಆಯೋಗ ಆದೇಶಿಸಬಹುದು. ದೋಷ ಇದೆ ಎಂದು ತೋರಿಸುವ ಹೊಣೆ ಮೊದಲಿಗೆ ನಿಮ್ಮದೇ. ಅದಕ್ಕೇ ಹುಬ್ಬಳ್ಳಿಯವರು ಹೇಳಿದ ಜಾಬ್ ಶೀಟ್ ಬಂಗಾರ: ನಾಲ್ಕು ಶೀಟ್, ಒಂದೇ ದೂರು, ಎಲ್ಲದರ ಮೇಲೂ ಅವರದೇ ಸೀಲು.

ಕ್ರಮ ಹೀಗಿರಲಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಮೇಲ್: ಸೀರಿಯಲ್ ನಂಬರ್, ಖರೀದಿ ದಿನ, ಪ್ರತಿ ರಿಪೇರಿಗೆ ಕೊಟ್ಟ ದಿನ, ತಂದ ದಿನ, ಬದಲಿಸಿದ ಭಾಗ, ಮತ್ತೆ ಕೆಟ್ಟ ದಿನ. ಫೋನಿನಲ್ಲಿ ಆಡಿದ್ದನ್ನು ಅದೇ ದಿನ ‘ಇಂದು ಹೀಗೆ ಹೇಳಿದಿರಿ’ ಎಂದು ಮೇಲ್ ಮಾಡಿಡಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ತಾಣದ ದೂರು ಅಧಿಕಾರಿಗೂ ಕಳಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಅದು ಕೋರ್ಟಲ್ಲ, ಆದೇಶ ಮಾಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸುತ್ತದೆ. ಆದರೂ ಬಿಡಬೇಡಿ. ಸರ್ವಿಸ್ ಸೆಂಟರ್ ಮಟ್ಟದಲ್ಲಿ ಸಿಕ್ಕಿಕೊಂಡ ದೂರು ಕಂಪನಿಯ ಮೇಲಿನ ಮೇಜಿಗೆ ಹೋಗಲು ಇದು ಸಾಕಾಗುವುದುಂಟು.

ಅದಕ್ಕೂ ಬಗ್ಗದಿದ್ದರೆ 15 ದಿನ ಗಡುವಿನ ನೋಟಿಸ್, ನಂತರ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ (ನಾನೇ ಹೇಳುತ್ತಿದ್ದೇನೆ). ಕಂಪನಿಯ ಆಫೀಸು ಎಲ್ಲೇ ಇರಲಿ, ನೀವು ವಾಸಿಸುವ ಶಿವಮೊಗ್ಗದಲ್ಲೇ ಹಾಕಬಹುದು. ಆನ್‌ಲೈನ್‌ಗೆ ಇ-ಜಾಗೃತಿ ಪೋರ್ಟಲ್ ಇದೆ. ಕಂಪನಿ, ಮಾರಿದವರು, ಸರ್ವಿಸ್ ಸೆಂಟರ್ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪು ಬಿಟ್ಟವರದ್ದೇ ಎನ್ನುತ್ತಾರೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಆಯೋಗ ದೂರನ್ನು ಇತ್ಯರ್ಥ ಮಾಡಲು ಕಾಯ್ದೆ ಹೇಳುವ ಅವಧಿ, ಎದುರಿನವರಿಗೆ ನೋಟಿಸ್ ತಲುಪಿದ ದಿನದಿಂದ 3 ತಿಂಗಳು, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳು. ಅದಕ್ಕಿಂತ ಹೆಚ್ಚು ಹಿಡಿಯುವುದೇ ರೂಢಿ, ಆ ತಯಾರಿ ಇರಲಿ.

ತೊಂದರೆಯ ವಿಡಿಯೋ ಮಾಡಿಡಿ, ಅದು ಒಂದೇ ಓಟದಲ್ಲಿರಲಿ: ತಳದ ಸೀರಿಯಲ್ ನಂಬರ್ ತೋರಿಸಿ, ಫೋನ್ ಆರಿಸದೆ ಸ್ಕ್ರೀನ್, ಟಿವಿ, ಕ್ಯಾಪ್ಸ್ ಲಾಕ್, ಮುಚ್ಚಳ. ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಕುಗ್ಗುತ್ತದೆ, ಮೂಲದ ವಿವರವೂ ಹೋಗುತ್ತದೆ. ಆಯೋಗಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ (ಡಿಜಿಟಲ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾದದ್ದು) ಲಗತ್ತಿಸಿ.

ಉತ್ತರ: ಲೆಕ್ಕಪತ್ರ ನೋಡುವವರು, ಮಂಗಳೂರು

ಬಿಲ್ ಒಮ್ಮೆ ನೋಡಿ. ಇನ್‌ಪುಟ್ ತೆರಿಗೆ (ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯ ಕಡಿತ) ಸಿಗಲಿ ಎಂದು ಅಂಗಡಿಯ ಜಿಎಸ್‌ಟಿ ನಂಬರಿನಲ್ಲಿ ತಗೊಂಡಿದ್ದರೆ, ‘ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ’ ಎಂದು ಎದುರಿನವರು ಮೊದಲ ದಿನವೇ ಎತ್ತುತ್ತಾರೆ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗೆ ಕೊಂಡದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದನ್ನು ದೂರಿನಲ್ಲೇ ಬರೆದಿರಬೇಕು.

ಕೇಳಿದವರು, ಶಿವಮೊಗ್ಗ

ಬಿಲ್ ನನ್ನ ಹೆಸರಲ್ಲೇ ಇದೆ. ಸೋಮವಾರ ಕೊಡುತ್ತೇನೆ. ಒಳಗಿನ ಫೈಲ್‌ಗಳ ಕಥೆ? ಹಿಂದೊಮ್ಮೆ ಎಲ್ಲ ಅಳಿಸಿದ್ದರು.

ಉತ್ತರ: ಕಚೇರಿಯೊಂದರ ಐಟಿ ಸಪೋರ್ಟ್, ಮೈಸೂರು

ಎಲ್ಲವನ್ನೂ ಹೊರಗಿನ ಡ್ರೈವ್‌ಗೆ ನಕಲು ಮಾಡಿ, ಎರಡು ಫೈಲ್ ತೆರೆದು ನೋಡಿ. ಕಂಪನಿ ಒಪ್ಪಿದರೆ ಫೈಲ್‌ಗಳಿರುವ ಎಸ್‌ಎಸ್‌ಡಿ ತೆಗೆದಿಟ್ಟು ಕೊಡಬಹುದು, ಆ ಒಪ್ಪಿಗೆ ಬರಹದಲ್ಲಿರಲಿ, ಜಾಬ್ ಶೀಟ್‌ನಲ್ಲೂ ‘ಎಸ್‌ಎಸ್‌ಡಿ ಇಲ್ಲದೆ’ ಎಂದು ಬರೆಸಿ. ‘ಡಿಸ್‌ಪ್ಲೇ ರಿಪೇರಿಗೆ ವಿಂಡೋಸ್ ಮುಟ್ಟುವ ಅಗತ್ಯವಿಲ್ಲ’ ಅನ್ನೋ ಸಾಲನ್ನೂ ಸೇರಿಸಿ.

ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಯ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ಮತ್ತೆ ಬೋರ್ಡ್ ಬದಲಿಸಿಬಿಟ್ಟರೆ ಮೊದಲ ಸಲ ಆನ್ ಮಾಡಿದಾಗಲೇ ಅದನ್ನು ಕೇಳುತ್ತದೆ, ಇಲ್ಲದಿದ್ದರೆ ಫೈಲ್‌ಗಳು ಹೋದವು ಅಂತಲೇ.

ಮೂರನೇ ಸಲ ಹಾಕಿದ ಬೋರ್ಡ್ ಬಗ್ಗೆಯೂ ಒಂದು ಕೆಲಸ ಬಾಕಿ ಇದೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆಗೆ) ಹೋಗಿ ಅಲ್ಲಿರುವ ಸೀರಿಯಲ್ ನಂಬರನ್ನು ತಳದ ಸ್ಟಿಕರ್ ಜೊತೆ ಹೋಲಿಸಿ. ಹೊಸ ಬೋರ್ಡ್‌ಗೆ ನಂಬರ್ ಬರೆಯಲು ಇಂಜಿನಿಯರ್ ಮರೆತಿದ್ದರೆ ಅಲ್ಲಿ ಖಾಲಿಯೋ ಬೇರೇನೋ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ‘ಆಕ್ಟಿವ್’ ಇದೆಯಾ ಅಂತಲೂ ನೋಡಿ. ಎರಡರಲ್ಲೊಂದು ತಪ್ಪಿದ್ದರೂ ಸೋಮವಾರವೇ ಅದನ್ನು ಅದೇ ಜಾಬ್ ಶೀಟ್‌ನಲ್ಲಿ ಎರಡನೇ ದೂರಾಗಿ ಬರೆಸಿ.