ಎಂಜಿನ್ ಒಳಗಿನ ಕಪ್ಪು ಮುದ್ದೆಗೆ ನಿಮ್ಮ ಕಡೆ ಏನಂತಾರೆ: ಮಡ್ಡಿ, ಗಸಿ, ಚರಟ, ಜಿಡ್ಡು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ನಾನು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಮಾಡುತ್ತೇನೆ. ಪುಸ್ತಕ ಇಂಗ್ಲಿಷಿನದು, ಹುಡುಗರಲ್ಲಿ ಜಾಸ್ತಿ ಜನ ಕನ್ನಡ ಶಾಲೆಯಿಂದ ಬಂದವರು. ಅದಕ್ಕೇ ಪ್ರತಿ ಕೆಲಸಕ್ಕೂ ಒಂದು ಪುಟ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ಈ ಸಲ ನಮ್ಮ ಮುಂದಿರುವುದು ಹಳೆಯ ಮಾರುತಿ 800ರ ಎಂಜಿನ್. 796 ಸಿಸಿ, ಮೂರು ಸಿಲಿಂಡರ್. ಪೂರ್ತಿ ಬಿಚ್ಚಿಲ್ಲ. ಮೇಲಿನ ಟ್ಯಾಪೆಟ್ ಕವರ್, ಕೆಳಗಿನ ಆಯಿಲ್ ಚೇಂಬರ್ ಇವೆರಡನ್ನೇ ತೆಗೆದಿದ್ದೇವೆ. (ಪುಸ್ತಕದಲ್ಲಿ ಚೇಂಬರಿಗೆ ಸಂಪ್ ಅಂತಿದೆ. ಆದರೆ ಸಂಪು ಅಂದರೆ ನಮ್ಮ ಹುಡುಗರಿಗೆ ಮನೆ ಮುಂದಿನ ನೀರಿನ ತೊಟ್ಟಿ. ಹಾಗಾಗಿ ಗ್ಯಾರೇಜಿನವರು ಹೇಳುವ ಚೇಂಬರ್ ಪದವನ್ನೇ ಉಳಿಸಿಕೊಂಡೆ.)

ಕವರ್ ಎತ್ತಿದರೆ ಒಳಗೆಲ್ಲ ಕಪ್ಪು ಮುದ್ದೆ. ರಾಗಿ ಅಂಬಲಿ ಆರಿ ಗಟ್ಟಿಯಾದ ಹಾಗೆ, ಬೆರಳಿಟ್ಟರೆ ಗುರುತು ಉಳಿಯುವಷ್ಟು ದಪ್ಪ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಲಡ್ಜ್ ಅನ್ನುತ್ತಾರೆ. ಬಿಸಿಯಾಗಿ ಬಿಸಿಯಾಗಿ ಹಳತಾದ ಎಣ್ಣೆ, ಪಿಸ್ಟನ್ ರಿಂಗಿನ ಸಂದಿಯಿಂದ ಇಳಿದ ಹೊಗೆ, ಉರಿಯದ ಪೆಟ್ರೋಲು, ಎಂಜಿನ್ ಆರಿದಾಗ ಒಳಗೆ ಬೆವೆತ ನೀರು, ಇವೆಲ್ಲ ಸೇರಿ ಆಗುವ ವಸ್ತು ಇದು. ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಎಣ್ಣೆ ಸರಿಯಾಗಿ ಕಾಯುವುದೇ ಇಲ್ಲ. ನೀರು ಆವಿಯಾಗದೆ ಅಲ್ಲೇ ಉಳಿಯುತ್ತದೆ. ಒಳ್ಳೆಯ ಎಣ್ಣೆಯಲ್ಲಿ ಕೊಳೆಯನ್ನು ತೇಲಿಸಿ ಇಟ್ಟುಕೊಳ್ಳುವ ರಾಸಾಯನಿಕಗಳು ಇರುತ್ತವೆ. ವರ್ಷಗಟ್ಟಲೆ ಎಣ್ಣೆ ಬದಲಿಸದಿದ್ದರೆ ಅವು ಸೋಲುತ್ತವೆ. ಆಮೇಲೆ ಮುದ್ದೆ ಕಟ್ಟುತ್ತದೆ.

ಇದಕ್ಕೆ ಕನ್ನಡದಲ್ಲಿ ಏನು ಬರೆಯಬೇಕು? ಪತ್ರಿಕೆಗಳಲ್ಲಿ ಚರಂಡಿ ನೀರಿನ ಸ್ಲಡ್ಜಿಗೆ ಕೆಸರು, ಹೂಳು ಅಂತ ಬರೆಯುತ್ತಾರೆ. ಆದರೆ ಹೂಳು ಕೆರೆಯದ್ದು. ಅದರಲ್ಲಿ ಮಣ್ಣಿದೆ, ಎಣ್ಣೆಯಿಲ್ಲ. ಮೆಕ್ಯಾನಿಕ್‌ಗಳನ್ನು ಕೇಳಿದರೆ "ಡಾಂಬರ್ ಕಟ್ಟಿದೆ ಸರ್" ಅನ್ನುತ್ತಾರೆ. ಅದು ಹೋಲಿಕೆ, ವಸ್ತುವಿನ ಹೆಸರಲ್ಲ.

ನಾನು ಮೊದಲು ಆರಿಸಿದ್ದು ಗಸಿ. ನಮ್ಮ ಮನೆಯಲ್ಲಿ ತುಪ್ಪ ಕಾಯಿಸಿದಾಗ ತಳದಲ್ಲಿ ಉಳಿಯುವುದಕ್ಕೆ ಗಸಿ ಅನ್ನುತ್ತಿದ್ದರು. ಮಂಗಳೂರು ಕಡೆಯ ಒಬ್ಬ ಹುಡುಗ ಅದನ್ನು ಓದಿ ನಕ್ಕುಬಿಟ್ಟ. ಅವನಿಗೆ ಗಸಿ ಅಂದರೆ ಊಟಕ್ಕೆ ಮಾಡುವ ಮಂದ ಸಾರು: ಕೋರಿ (ಕೋಳಿ) ಗಸಿ, ಕಡ್ಲೆ ಗಸಿ. ಅದೇನೂ ದೊಡ್ಡ ತೊಂದರೆಯಲ್ಲ. ನಿಜವಾದ ತೊಂದರೆ ಬೇರೆ ಇದೆ. ಗಸಿ, ಚರಟ, ಹೂಳು ಇವೆಲ್ಲ ತಳಕ್ಕೆ ಇಳಿಯುವ ವಸ್ತುಗಳು. ನಮ್ಮ ಎಂಜಿನ್ನಿನಲ್ಲಿ ಜಾಸ್ತಿ ಮುದ್ದೆ ಇದ್ದದ್ದು ತಳದ ಚೇಂಬರಿನಲ್ಲಲ್ಲ, ಎಲ್ಲಕ್ಕಿಂತ ಮೇಲಿರುವ ಟ್ಯಾಪೆಟ್ ಕವರಿನ ಒಳಮೈಯಲ್ಲಿ! ಮೇಲೆ ಅಂಟಿದ್ದನ್ನು ಗಸಿ ಅನ್ನಲು ನನಗೆ ಮನಸ್ಸು ಒಪ್ಪಲಿಲ್ಲ.

ಆಗ ಒಂದು ವಿಷಯ ಗಮನಕ್ಕೆ ಬಂತು. ಇಂಥ ಪದ ಯಾವ ಕ್ರಿಯಾಪದದ ಜೊತೆ ಬರುತ್ತದೆ ಅಂತ ನೋಡಿದರೆ ಅದರ ಅರ್ಥ ಸಿಕ್ಕಿಬಿಡುತ್ತದೆ. ಗಸಿ ಇಳಿಯುತ್ತದೆ. ಜಿಡ್ಡು ಹಿಡಿಯುತ್ತದೆ. ಮಡ್ಡಿ ಕಟ್ಟುತ್ತದೆ. ಜಿಡ್ಡು ಅಂದರೆ ಬರೀ ಅಂಟು, ಒಂದು ತೆಳು ಪದರ. ಅಡುಗೆಮನೆ ಗೋಡೆಗೂ ಹಿಡಿಯುತ್ತದೆ. ಅದಕ್ಕೆ ಗಾತ್ರವಿಲ್ಲ. ಮಡ್ಡಿಗೆ ಗಾತ್ರ ಇದೆ, ಎಣ್ಣೆಯ ನೆನಪೂ ಇದೆ. ಎಣ್ಣೆ ಡಬ್ಬದ ತಳದಲ್ಲೂ ಮಡ್ಡಿ, ದೇವರ ಮನೆಯ ದೀಪದ ಕಂಬಕ್ಕೆ ಸುತ್ತ ಕಟ್ಟಿದ್ದೂ ಮಡ್ಡಿ. ತಳಕ್ಕೂ ಸಲ್ಲುತ್ತದೆ, ಮೈಗೂ ಸಲ್ಲುತ್ತದೆ. ಹಾಗಾಗಿ ನನ್ನ ಒಲವು ಮಡ್ಡಿಯ ಕಡೆಗೆ.

ಮಡ್ಡಿ ಇಂಗ್ಲಿಷಿನ ಮಡ್‌ನಿಂದ ಬಂದಿದೆ ಅಂತ ಒಬ್ಬ ಸಹೋದ್ಯೋಗಿ ವಾದ ಮಾಡಿದರು. ಹಾಗಲ್ಲ. 1894ರ ಕಿಟ್ಟೆಲ್ ನಿಘಂಟಿನಲ್ಲೇ ಆ ಪದ ಇದೆ. ತೆಲುಗಿನಲ್ಲೂ ಮಡ್ಡಿ ಅಂದರೆ ತಳದಲ್ಲಿ ನಿಂತದ್ದು, ತಮಿಳಿನಲ್ಲಿ ಅದಕ್ಕೆ ಮಂಡಿ ಅನ್ನುತ್ತಾರೆ. ನಮ್ಮದೇ ಬಳಗದ ಪದ. ಅಗರಬತ್ತಿಗೆ ಹಾಕುವ ಹಾಲುಮಡ್ಡಿ ನೆನಪಿದೆಯಲ್ವಾ? ಧೂಪದ ಮರದಿಂದ ಬರುವ ಅಂಟು ಅದು. ಅಲ್ಲಿಯೂ ಮಂದವಾದ, ಮೆತ್ತಗಿನ ವಸ್ತುವೇ. ಒಂದೇ ಅನುಮಾನ ಉತ್ತರ ಕರ್ನಾಟಕದವರದು. ಅಲ್ಲಿ ಮಡ್ಡಿ ಅಂದರೆ ಕಲ್ಲುಭೂಮಿ, ಎತ್ತರದ ಬರಡು ಹೊಲ. "ಎಂಜಿನ್ನಿಗೆ ಮಡ್ಡಿ ಕಟ್ಟಿದೆ" ಅಂದರೆ ಆ ಕಡೆಯವರಿಗೆ ಅರ್ಥ ಆಗುತ್ತದೆಯೇ? ಅಲ್ಲಿನವರೇ ಹೇಳಬೇಕು.

ಎರಡನೇ ಪ್ರಶ್ನೆ ಕ್ರಿಯಾಪದದ್ದು. ಇದು ನನಗೆ ಇನ್ನೂ ಮುಖ್ಯ, ಯಾಕೆಂದರೆ ಇಲ್ಲಿ ತಪ್ಪು ಪದ ಬರೆದರೆ ಎಂಜಿನ್ ಹಾಳಾಗುತ್ತದೆ. ಕೆಲಸ ಹೀಗಿದೆ: ಮೊದಲು ಎಣ್ಣೆ ಕೆಳಗಿಳಿಯುವ ತೂತುಗಳಿಗೆ ಶುದ್ಧ ಬಟ್ಟೆ ತುರುಕಬೇಕು. ಇಲ್ಲದಿದ್ದರೆ ಮುದ್ದೆ ಒಳಗೆ ಬೀಳುತ್ತದೆ. ಆಮೇಲೆ ಮರದ ಚಕ್ಕೆಯಿಂದಲೋ ಪ್ಲಾಸ್ಟಿಕ್ ಚಮಚದಿಂದಲೋ ದಪ್ಪ ಮುದ್ದೆ ತೆಗೆಯಬೇಕು. ಉಳಿದದ್ದಕ್ಕೆ ಡೀಸೆಲ್ ಹಚ್ಚಿ, ನೆನೆಯಲು ಬಿಟ್ಟು, ಬ್ರಶ್ಶಿನಿಂದ ಉಜ್ಜಬೇಕು. ಪೆಟ್ರೋಲ್ ಬೇಡವೇ ಬೇಡ, ಒಂದು ಕಿಡಿ ಸಾಕು. ಚೇಂಬರಿನೊಳಗೆ ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದನ್ನು ಬಿಚ್ಚಿ ಬೇರೆಯಾಗಿ ತೊಳೆಯಬೇಕು. ಅದು ಕಟ್ಟಿಕೊಂಡರೆ ಬೇರಿಂಗಿಗೆ ಎಣ್ಣೆ ಹೋಗುವುದಿಲ್ಲ.

ದಪ್ಪ ಮುದ್ದೆ ತೆಗೆಯುವುದಕ್ಕೆ ನಾನು "ಹೆರೆಯಿರಿ" ಅಂತ ಬರೆದಿದ್ದೆ. ಒಬ್ಬ ಹುಡುಗ ಚಾಕು ತಂದು ನಿಜವಾಗಿಯೂ ಹೆರೆದ. ಟ್ಯಾಪೆಟ್ ಕವರಿನ ಕೆಳಗಿರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಮೆತ್ತಗೆ. ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ಸಂದಿಗೆ ಇಡುವ ಪಟ್ಟಿ) ಕೂರುವ ಅಂಚಿನಲ್ಲಿ ಗೀರು ಬಿತ್ತು. ಅಲ್ಲಿ ಇನ್ನು ಎಣ್ಣೆ ಜಿನುಗುತ್ತದೆ. ತಪ್ಪು ಅವನದಲ್ಲ. ಹೆರೆ ಅಂದರೆ ಮೇಲ್ಪದರ ಕಿತ್ತು ಬರುವ ಹಾಗೆ ಒತ್ತಿ ಎಳೆಯುವುದು ತಾನೇ?

ಹೆರೆ ಅಳಿಸಿ "ಮಡ್ಡಿಯನ್ನು ಬಳಿಯಿರಿ" ಅಂತ ಬರೆದೆ. ಪಾತ್ರೆಯಿಂದ ದೋಸೆ ಹಿಟ್ಟು ಬಳಿಯುವ ಹಾಗೆ ಅನ್ನುವುದು ನನ್ನ ಮನಸ್ಸಿನಲ್ಲಿತ್ತು. ಇನ್ನೊಬ್ಬ ಹುಡುಗ ಬಂದು "ಎಲ್ಲಿಗೆ ಬಳೀಬೇಕು ಸರ್?" ಅಂದ. ಗೋಡೆಗೆ ಸುಣ್ಣ ಬಳಿಯುವುದೂ ಬಳಿಯುವುದೇ. ಹಚ್ಚುವುದಕ್ಕೂ ಒರೆಸಿ ತೆಗೆಯುವುದಕ್ಕೂ ಒಂದೇ ಪದ! ಈಗ "ಬಳಿದು ತೆಗೆಯಿರಿ" ಅಂತ ಮಾಡಿದ್ದೇನೆ. "ಗೋರಿ ತೆಗೆಯಿರಿ" ಇನ್ನೂ ಚೆನ್ನಾಗಿರಬಹುದೇ? ಗೋರುವುದರಲ್ಲಿ ಕೆರೆಯುವ ಅರ್ಥ ಇಲ್ಲ, ಕೈಯಿಂದ ಒಟ್ಟು ಮಾಡಿ ಎತ್ತುವ ಅರ್ಥ ಇದೆ. ನಿಮ್ಮ ಮನೆಯಲ್ಲಿ ಪಾತ್ರೆಯ ತಳದ ಹಿಟ್ಟಿಗೆ ಯಾವ ಪದ ಬಳಸುತ್ತೀರಿ, ದಯವಿಟ್ಟು ಬರೆಯಿರಿ.

ಇನ್ನೆರಡು ಚಿಕ್ಕ ವಿಷಯ. ಮಡ್ಡಿ ತೆಗೆದ ಮೇಲೂ ಲೋಹದ ಮೇಲೆ ಜೇನಿನ ಬಣ್ಣದ ಒಂದು ತೆಳು ಪದರ ಉಳಿಯುತ್ತದೆ, ಬಟ್ಟೆಗೆ ಬರುವುದಿಲ್ಲ. ಪುಸ್ತಕದಲ್ಲಿ ಅದು ವಾರ್ನಿಶ್. ನಾನು ಕರೆ ಅಂತ ಬರೆದೆ. ಬಾಳೆಕಾಯಿ ಕರೆ, ಹಲ್ಲಿನ ಕರೆ ಇದ್ದ ಹಾಗೆ. ಇದು ಹುಡುಗರಿಗೆ ತಕ್ಷಣ ಅರ್ಥವಾಯಿತು. ಪಿಸ್ಟನ್ ತಲೆಯ ಮೇಲಿನ ಗಟ್ಟಿ ಕಾರ್ಬನ್ನಿಗೆ ಕಿಟ್ಟ ಸರಿಯೇ? ದೀಪದ ಬತ್ತಿಯ ತುದಿಯಲ್ಲಿ ಕಟ್ಟುವ ಕಿಟ್ಟ ನೋಡಿದವರಿಗೆ ಸರಿ ಅನ್ನಿಸಬಹುದು.

ಕೊನೆಯದಾಗಿ ಎತ್ತಿನ ಗಾಡಿ ನೋಡಿ ಬೆಳೆದವರಲ್ಲಿ ಒಂದು ಕೋರಿಕೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಚಕ್ರ ಕಳಚಿದಾಗ ಹಳೆಯ ಕೀಲೆಣ್ಣೆ ಧೂಳು ಸೇರಿ ಕಪ್ಪಗೆ ಮುದ್ದೆಯಾಗಿರುತ್ತಿತ್ತು. ಅದನ್ನು ತೆಗೆದು ಬಿಸಾಡಿ ಹೊಸದು ಹಾಕುತ್ತಿದ್ದರು. ಕಾರು ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಸ್ಲಡ್ಜಿಗೆ ಇದಕ್ಕಿಂತ ಹತ್ತಿರದ ವಸ್ತು ಇರಲಿಲ್ಲ. ಬಿಸಾಡುತ್ತಿದ್ದ ಆ ಹಳೆಯ ಮುದ್ದೆಗೆ ನಿಮ್ಮ ಅಜ್ಜ ಏನು ಹೆಸರು ಹೇಳುತ್ತಿದ್ದರು?