ಗ್ಯಾರೇಜಿನ ಮೇಲೆ ಸೀನನ ಡೆಕ್ಕು

ಸೀನನ ತಲೆಗೆ ಈ ಡೆಕ್ ಹುಳ ಬಿಟ್ಟಿದ್ದು ಬೆಂಗ್ಳೂರಿಂದ ಬಂದಿದ್ದ ಅವನ ಭಾಮೈದ. ಬಂದೋನು ಬೆಣ್ಣೆ ದೋಸೆ ತಿಂದು ಸುಮ್ನೆ ಹೋಗ್ಬೇಕೋ ಬ್ಯಾಡ್ವೋ, ದಾವಣಗೆರೆ ಎಂಸಿಸಿ ಬಿ ಬ್ಲಾಕಿನ ಸೀನನ ಮನೆ ಸುತ್ತ ಒಂದು ರೌಂಡ್ ಹೊಡೆದು, "ಭಾವ, ಇಷ್ಟು ಚೆನ್ನಾಗಿರೋ ಫ್ಲಾಟ್ ರೂಫ್ ವೇಸ್ಟ್ ಮಾಡಿದೀರಲ್ಲ, ಗ್ಯಾರೇಜ್ ಮೇಲೊಂದು ವುಡನ್ ಡೆಕ್ ಹಾಕ್ಸಿ, ಲೈಟ್ ಬಿಡ್ಸಿ, ಸಂಜೆ ಕೂತ್ಕೊಂಡ್ರೆ ಏನ್ ಫೀಲ್ ಗೊತ್ತಾ" ಅಂತ ಹೇಳಿ, ನಾಲ್ಕು ರೀಲ್ಸ್ ಕಳ್ಸಿ, ರಾತ್ರಿ ಬಸ್ ಹತ್ತಿಬಿಟ್ಟ. ಅವನು ಹೋದ, ಹುಳ ಉಳೀತು.

ಭಾನುವಾರ ಸಂಜೆ ಜಯದೇವ ಸರ್ಕಲ್ ಹತ್ರ ನಮ್ಮ ಮಾಮೂಲಿ ಮಂಡಕ್ಕಿ ಅಂಗಡೀಲಿ ಸೇರಿದ್ವಿ. ಆಷಾಢದ ಗಾಳಿ, ಜಿಟಿಜಿಟಿ ಹನಿ, ಮುಂದೆ ನರ್ಗೀಸ್ ಮಂಡಕ್ಕಿ, ಬಿಸಿ ಮಿರ್ಚಿ. ಸೀನ ಮೊಬೈಲ್ ಮಧ್ಯಕ್ಕಿಟ್ಟು ರೀಲ್ಸ್ ಹಚ್ಚಿದ. ಯಾವುದೋ ದೇಶದ್ದು. ಗ್ಯಾರೇಜ್ ಮೇಲೆ ಮರದ ಹಲಗೆ ಹಾಸ್ಯಾರೆ, ಸುತ್ತ ಗಾಜಿನ ರೇಲಿಂಗು, ಮೂಲೇಲಿ ಬೆಂಕಿ ಉರೀತೈತೆ, ಗಂಡ ಹೆಂಡ್ತಿ ಒಂದೊಂದು ಗ್ಲಾಸ್ ಹಿಡ್ಕಂಡು ಸೂರ್ಯ ಮುಳುಗೋದು ನೋಡ್ತಾ ಕುಂತಾರೆ.

"ನಿಮ್ಮನೆ ಗ್ಯಾರೇಜ್ ಮೇಲೆ ಕುಂತ್ರೆ ಏನ್ ಕಾಣುತ್ತಪ?" ಅಂದ ಬುಲೆಟ್. (ಬುಲೆಟ್ ಅಂದ್ರೆ ನಮ್ಮ ಬ್ಯಾಂಕಿನೋನು. ಗಾಡಿ ಮಾರಿ ಎಷ್ಟೋ ವರ್ಷ ಆತು, ಹೆಸರು ಮಾತ್ರ ಇನ್ನೂ ಓಡ್ತಾ ಐತೆ.)

ಸೀನ ಸ್ವಲ್ಪ ಯೋಚ್ನೆ ಮಾಡಿ, "ಎದುರುಮನೆ ಸೋಲಾರು" ಅಂದ.

"ಪಶ್ಚಿಮಕ್ಕೆ?"

"ಹಿಂದ್ಲಮನೆಯೋರ ಬಟ್ಟೆ ತಂತಿ."

"ಹಂಗಾದ್ರೆ ಸೂರ್ಯ ಅವರ ಬನೀನ್ ಹಿಂದೆ ಮುಳುಗ್ತಾನೆ ಅನ್ನು."

ಸೀನ ಇದಕ್ಕೆಲ್ಲ ಬಗ್ಗೋ ಆಸಾಮಿ ಅಲ್ಲ. "ನೀವು ಐಡಿಯಾ ಕೊಡ್ರಲೇ, ಕಾಲು ಎಳೀಬೇಡ್ರಿ" ಅಂದ. ಐಡಿಯಾ ಕೊಡೋದಕ್ಕೇನು, ಸ್ಲ್ಯಾಬ್ ನಮ್ದಲ್ಲ, ದುಡ್ಡೂ ನಮ್ದಲ್ಲ. ಬುಲೆಟ್ ಒಂದು ತೂಗುಮಂಚ ಬೇಕೇ ಬೇಕು ಅಂದ, ಸಾಗವಾನಿದು, ಹಿತ್ತಾಳೆ ಸರಪಳಿ. ಮೇಷ್ಟ್ರು, ಅಂದ್ರೆ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಬಿಪಿಗೆ ಒಳ್ಳೇದು ಬರಿಗಾಲಲ್ಲಿ ಓಡಾಡೋಕೆ ಹುಲ್ಲುಹಾಸು ಇರ್ಲಿ, ಹೆಂಗೂ ಮಣ್ಣು ಹಾಕ್ತೀಯಲ್ಲ ಒಂದಡಿ ಹಾಕ್ಸಿಬಿಡು, ಅಂಚಿಗೆ ಕರಿಬೇವು ಮಲ್ಲಿಗೆನೂ ಬರ್ತವೆ ಅಂದ್ರು. ನಾನು ಬೆಣ್ಣೆ ದೋಸೆ ಹಂಚು, ಕಟ್ಟಿಗೆ ಒಲೆ ಅಂದೆ, ದಾವಣಗೆರೆಯಾಗಿದ್ಕಂಡು ಗ್ಯಾಸ್ ಮೇಲೆ ಬೆಣ್ಣೆ ದೋಸೆ ಹುಯ್ಯೋದು ಯಾವ ಮರ್ಯಾದೆ. ಸೀನನೂ ಹುರುಪಿಗೆ ಬಿದ್ದು, ಹಂಗಾದ್ರೆ ಸಿಂಟೆಕ್ಸ್ ಟ್ಯಾಂಕ್‌ನೂ ಅಲ್ಲಿಗೇ ಶಿಫ್ಟ್ ಮಾಡಿದ್ರೆ ಗಿಡಕ್ಕೆ ನೀರು ಈಜಿ ಅಂದ.

ಇಷ್ಟೊತ್ತೂ ಬಾಯಿ ಬಿಡದೆ ಮಿರ್ಚಿ ತೊಟ್ಟು ಸಾಲಾಗಿ ಜೋಡಿಸ್ತಾ ಇದ್ದೋನು ಸೆಂಟ್ರಿಂಗ್ ಅಣ್ಣ. ಊರಲ್ಲಿ ಅದೆಷ್ಟು ಮೌಲ್ಡ್ ಹಾಕಿಸ್ಯಾನೋ ಅವನಿಗೇ ಲೆಕ್ಕ ಇಲ್ಲ. ತಲೆ ಎತ್ತಿ ಕೇಳ್ದ, "ಸ್ಲ್ಯಾಬ್ ಎಷ್ಟಿಂಚು?"

"ಗೊತ್ತಿಲ್ಲಣ್ಣ."

"ಕಂಬಿ ಏನ್ ಹಾಕ್ಯಾರೆ?"

"ಅಪ್ಪ ಕಟ್ಸಿದ್ದು."

"ಗೋಡೆ ನಾಲ್ಕೂವರೆನೋ, ಆರೋ, ಒಂಬತ್ತೋ?"

"ಬಣ್ಣ ಐವರಿ" ಅಂದ ಸೀನ, ತನಗೆ ಗೊತ್ತಿರೋದು ಅದೊಂದೇ ಅನ್ನೋ ಹಂಗೆ.

ಆಗ ಬುಲೆಟ್‌ಗೆ ಮಗನ ನೆನಪಾತು. ಹುಡುಗ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಓದ್ತಾ ಇದ್ದಾನೆ, ಫೀಸ್ ಕಟ್ಟೋದಕ್ಕೆ ಬಿಟ್ರೆ ಇವತ್ತಿನ ತನಕ ಅಪ್ಪ ಅವನ ವಿದ್ಯೆ ಬಗ್ಗೆ ಒಂದು ಮಾತು ಕೇಳಿರ್ಲಿಲ್ಲ. ಸ್ಪೀಕರ್ ಹಾಕಿ ಫೋನ್ ಮಾಡಿದ್ರೆ ಆ ಕಡೆಯಿಂದ ಮೊದಲನೇ ಮಾತೇ "ಅಪ್ಪಾ, ರಿಸಲ್ಟ್ ಇನ್ನೂ ಬಂದಿಲ್ಲ" ಅಂತ. ವಿಷ್ಯ ಅದಲ್ಲ ಅಂದ್ಮೇಲೆ ಪಾಪ ಹುಡುಗ ಗೆಲುವಾದ.

"ಅಂಕಲ್, ಕಟ್ಟಡಕ್ಕೆ ಎಷ್ಟು ಭಾರ ಲೆಕ್ಕ ಹಿಡೀಬೇಕು ಅಂತ ಹೇಳೋ ಐಎಸ್ 875 ಅಂತ ಕೋಡ್ ಐತೆ, ಅದ್ರ ಎರಡನೇ ಭಾಗ, 1987ರದ್ದು. ಜನ ಓಡಾಡೋ ಫ್ಲಾಟ್ ರೂಫಿಗೆ ಚದರ ಮೀಟರಿಗೆ ಒಂದೂವರೆ ಕಿಲೋನ್ಯೂಟನ್ ಲೋಡ್ ಹಿಡೀತಾರೆ, ಅಂದ್ರೆ ಹತ್ತತ್ರ 150 ಕೆಜಿ. ಬರೀ ರಿಪೇರಿಗೆ ಹತ್ತೋ ರೂಫಾದ್ರೆ ಅದರರ್ಧ, 75. ಬಾಲ್ಕನಿಗೆ 300."

"ಬಾಲ್ಕನಿಗೆ ಯಾಕಪ್ಪ ಅಷ್ಟು?"

"ಗಣಪತಿ ಮೆರವಣಿಗೆ ಬಂದ್ರೆ ಮನೆಯೋರೆಲ್ಲ ಅಲ್ಲೇ ಬಂದು ನಿಲ್ತಾರಲ್ಲ ಅಂಕಲ್. ನಿಮ್ಮ ಗ್ಯಾರೇಜಿಗೆ ಮೆಟ್ಲು ಐತಾ?"

"ಇಲ್ಲಪ್ಪ, ಏಣಿ ಹಾಕ್ಕೊಂಡು ಹತ್ತೋದು."

"ಹಂಗಾದ್ರೆ 75ಕ್ಕೇ ಡಿಸೈನ್ ಮಾಡಿರ್ತಾರೆ." ಸ್ವಲ್ಪ ಹೊತ್ತು ಬಿಟ್ಟು, "ಡಿಸೈನ್ ಅಂತ ಮಾಡಿದ್ರೆ."

ಸೆಂಟ್ರಿಂಗ್ ಅಣ್ಣ ಮಂಡಕ್ಕಿ ಪೊಟ್ಟಣದ ಪೇಪರ್ ಬಿಡಿಸಿ, ಎಣ್ಣೆ ಹತ್ತದಿರೋ ಮೂಲೆ ಹುಡುಕಿ, ಮೇಷ್ಟ್ರ ಜೇಬಿಂದ ಪೆನ್ನು ಎಳ್ಕಂಡು ಲೆಕ್ಕಕ್ಕೆ ಕುಂತ. ಗ್ಯಾರೇಜು ಹತ್ತು ಇಪ್ಪತ್ತು, ಇನ್ನೂರು ಚದರಡಿ, ಅಂದ್ರೆ ಹದಿನೆಂಟೂವರೆ ಚದರ ಮೀಟರ್ ಚಿಲ್ರೆ. 75ರಂಗೆ ಒಟ್ಟು 1,400 ಕೆಜಿ. ಅದ್ರಲ್ಲಿ ಹಲಗೆ, ಕೆಳಗಿನ ಕಬ್ಬಿಣದ ಫ್ರೇಮು ಸೇರಿ ಮೀಟರಿಗೆ 40 ಕೆಜಿ ಆದ್ರೂ ಡೆಕ್ಕೇ ತಿಂದಾಕುತ್ತೆ. ಉಳಿಯೋದು 650. "ನಾವು ಐದು ಜನ ಹತ್ತಿದ್ರೆ 400 ಹೋತು" ಅಂದ, ಅನ್ನೋವಾಗ ಬುಲೆಟ್ ಹೊಟ್ಟೆ ನೋಡಿ, "420" ಅಂತ ತಿದ್ದಿದ. "ಈಗ ಟ್ಯಾಂಕ್. ಸಾವಿರ ಲೀಟರ್ ಅಂದ್ರೆ ಸಾವಿರ ಕೆಜಿ, ಅದೂ ಒಂದೇ ಕಡೆ ಕುಂತಿರುತ್ತೆ."

"ಟ್ಯಾಂಕ್ ಕ್ಯಾನ್ಸಲ್" ಅಂದ ಸೀನ.

"ಮೇಷ್ಟ್ರ ಹುಲ್ಲು. ಒಂದಡಿ ಮಣ್ಣು, ಮಳೆ ಬಂದು ನೆಂದ್ರೆ ಮೀಟರಿಗೆ 500 ಕೆಜಿ ಮೇಲೇ. ಅಂದ್ರೆ ಅಡಿಗೊಂದು ಸಿಮೆಂಟ್ ಚೀಲ ಇಟ್ಟಂಗೆ, ಇನ್ನೂರು ಚೀಲ, ಹತ್ತು ಟನ್. ಮೇಷ್ಟ್ರ ಬಿಪಿ ಕಮ್ಮಿ ಆಗುತ್ತೆ, ಗ್ಯಾರೇಜೂ ಕಮ್ಮಿ ಆಗುತ್ತೆ."

ಮೇಷ್ಟ್ರಿಗೆ ಸಿಟ್ಟು ಬಂತು. "ನೀವು ಸಿಮೆಂಟ್ ಕಂಡೋರು ಮಣ್ಣನ್ನ ಅಷ್ಟು ಹೀನಾಯ ಮಾಡಬ್ಯಾಡ್ರಿ. ಚಿತ್ರದುರ್ಗದ ಕಡೆ ನಮ್ಮಜ್ಜನ ಮನೆ ಮಾಳಿಗೆ ಮನೆ, ಮೇಲೆ ಪೂರಾ ಮಣ್ಣೇ. ತೊಲೆ, ಅದ್ರ ಮೇಲೆ ಜಂತೆ, ಅದ್ರ ಮೇಲೆ ಮಣ್ಣು, ಪ್ರತಿ ವರ್ಷ ಮಳೆ ಹಿಡಿಯೋದ್ರೊಳಗೆ ಕರ್ಲು ಮಣ್ಣು ತಂದು ಹರಡೋರು, ಒಂದು ತೊಟ್ಟು ಸೋರ್ತಿರ್ಲಿಲ್ಲ. ಹಪ್ಪಳ ಸಂಡಿಗೆ ಮೆಣಸಿನಕಾಯಿ ಒಣಗ್ಸೋದು ಅಲ್ಲೇ, ಬೇಸಿಗೇಲಿ ಮನೆಮಂದಿಯೆಲ್ಲ ಮಲಗೋದೂ ಅಲ್ಲೇ. ಆಗ ಯಾವ ಕೋಡ್ ಇತ್ತು?"

"ಒಳಗೆ ಕಂಬ ಎಷ್ಟಿದ್ವು ಮೇಷ್ಟ್ರೆ?"

"ಏನ್ ಕಡಿಮೆನಾ, ನಾವು ಹುಡುಗ್ರು ಕಂಬದಿಂದ ಕಂಬಕ್ಕೆ ಮುಟ್ಟಾಟ ಆಡ್ತಿದ್ವಿ."

"ಅದೇ ನಿಮ್ಮಜ್ಜನ ಕೋಡು. ಸೀನನ ಗ್ಯಾರೇಜಲ್ಲೂ ಅಷ್ಟು ಕಂಬ ಹಾಕ್ಸೋಣ, ಕಾರು ಮುಟ್ಟಾಟ ಆಡ್ಲಿ."

ಕರ್ಲು ಮಣ್ಣಿನ ಮಾತು ನನಗೆ ಸರಿ ಅನ್ನಿಸ್ತು ಬಿಡಿ. ವರ್ಷಕ್ಕೊಂದು ಸಲ ಯಾರೋ ಒಬ್ರು ಮೇಲೆ ಹತ್ತಿ ಎಲ್ಲಿ ಬಿರುಕು ಬಿಟ್ಟೈತೆ ನೋಡ್ತಿದ್ರು. ಆರ್‌ಸಿಸಿ ಬಂದ್ಮೇಲೆ ನಾವು ರೂಫ್ ಮೇಲೆ ಹತ್ತೋದು ಕೇಬಲ್ ಕೆಟ್ರೆ ಮಾತ್ರ.

ಸೀನನ ಮುಖ ಬಾಡಿದ್ದು ನೋಡಿ ಸೆಂಟ್ರಿಂಗ್ ಅಣ್ಣಂಗೇ ಕನಿಕರ ಬಂತು. "ಮಾಡಕ್ಕಾಗಲ್ಲ ಅಂತ ಅಂದ್ನೇನಪ? ಸ್ಲ್ಯಾಬ್ ಮೇಲೆ ಭಾರ ಬಿಡಬ್ಯಾಡ. ಈ ಗೋಡೆಯಿಂದ ಆ ಗೋಡೆಗೆ ಹತ್ತಡಿ ಉದ್ದಕ್ಕೆ ಕಬ್ಬಿಣದ ಐ ಬೀಮ್ ಕೂರ್ಸು, ಸ್ಲ್ಯಾಬಿಗೂ ಬೀಮಿಗೂ ಮಧ್ಯ ಸಂದು ಬಿಡು, ಅದ್ರ ಮೇಲೆ ಫ್ರೇಮು, ಅದ್ರ ಮೇಲೆ ಹಲಗೆ. ಭಾರ ಎಲ್ಲ ಗೋಡೆ ಮೇಲೆ, ಗೋಡೆಯಿಂದ ಪಾಯಕ್ಕೆ. ಗೋಡೆ ಒಂಬತ್ತಿಂಚಾಗಿದ್ದು ಪಾಯ ಗಟ್ಟಿ ಐತೆ ಅಂದ್ರೆ ಕುಂತ್ಕಂತೈತೆ. ನಾಲ್ಕೂವರೆ ಇಂಚಿಂದಾದ್ರೆ ಮೂಲೆಗೆ ಕಬ್ಬಿಣದ ಕಂಬ ಬೇಕು. ಅದನ್ನ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ ಹೇಳ್ಬೇಕು, ಮಂಡಕ್ಕಿ ಪೇಪರಲ್ಲಿ ಹೇಳಕ್ಕಾಗಲ್ಲ."

"ಹಲಗೆ ಸಾಗವಾನಿದೇ ಹಾಕ್ಸಣಾ?"

"ಹಾಕ್ಸು, ವರ್ಷ ವರ್ಷ ಎಣ್ಣೆ ಹಚ್ತಾ ಕೂರು. ಡಬ್ಲ್ಯೂಪಿಸಿ ಅಂತ ಬರುತ್ತೆ, ಮರದ ಪುಡಿ ಪ್ಲಾಸ್ಟಿಕ್ ಸೇರ್ಸಿ ಮಾಡಿದ್ದು, ಗೆದ್ದಲು ಹತ್ತಲ್ಲ. ಆದ್ರೆ ಏಪ್ರಿಲ್ ಬಿಸಿಲಿಗೆ ಡಾರ್ಕ್ ಕಲರ್ ಹಲಗೆ ಮೇಲೆ ಮೇಷ್ಟ್ರು ಬರಿಗಾಲಲ್ಲಿ ಓಡಾಡಿದ್ರೆ ಬಿಪಿ ಅಲ್ಲ, ಬೊಬ್ಬೆ." ನನ್ನ ಕಡೆ ತಿರುಗಿ, "ನಿನ್ನ ಕಟ್ಟಿಗೆ ಒಲೆ ಅದ್ರ ಮೇಲೆ ಇಟ್ಟಿ ಅಂದ್ರೆ ದೋಸೆಗಿಂತ ಮೊದ್ಲು ಡೆಕ್ ರೋಸ್ಟ್ ಆಗುತ್ತೆ" ಅಂದ. ನನ್ನ ಐಟಮ್ಮೂ ಹೋತು.

ಫೋನಲ್ಲಿ ಹುಡುಗ ಇನ್ನೂ ಲೈನಲ್ಲಿದ್ದ, ನಮಗೆ ಮರೆತೇ ಹೋಗಿತ್ತು. "ಅಂಕಲ್, ರೇಲಿಂಗ್ ಒಂದು ಮೀಟರಿಗಿಂತ ಕಮ್ಮಿ ಮಾಡಬೇಡಿ. ಆಮೇಲೆ ಕರೆಂಟ್ ವೈರ್ ನೋಡಿ, ಮನೆಗಳಿಗೆ ಕರೆಂಟ್ ಕೊಡೋ ಎಲ್‌ಟಿ ಲೈನ್ ಆದ್ರೆ ತಲೆ ಮೇಲೆ ಎರಡೂವರೆ ಮೀಟರ್, ಪಕ್ಕದಲ್ಲಿ 1.2 ಮೀಟರ್ ದೂರ ಇರ್ಬೇಕು. ಡೆಕ್ ಎತ್ತರಿಸಿದಂಗೆ ವೈರ್ ಹತ್ರ ಆಗುತ್ತೆ." ಪಾಲಿಕೆ ಪರ್ಮಿಷನ್ ವಿಷ್ಯ ಎತ್ತಿದ್ರೆ ಸೀನ ಅಲ್ಲೇ ಅಳ್ತಾನೆ ಅನ್ಸಿ ಅದನ್ನ ಯಾರೂ ಎತ್ಲಿಲ್ಲ, ಎತ್ತಬೇಕಿತ್ತು.

"ಅದೆಲ್ಲ ಬಿಡು, ನೀರು ಎಲ್ಲಿಗೆ ಹೋಗ್ತದೆ ಹೇಳು" ಅಂದ ಸೆಂಟ್ರಿಂಗ್ ಅಣ್ಣ. ಇದಕ್ಕೆ ಮಾತ್ರ ಸೀನ ಕಕ್ಕಾಬಿಕ್ಕಿ. ಯಾಕಂದ್ರೆ ಅವನ ಗ್ಯಾರೇಜಿನ ಹಿಂದಿನ ಮೂಲೇಲಿ ಒಂದು ಕ್ಯಾಲೆಂಡರ್ ಐತೆ, ಹೋದ ವರ್ಷದ್ದು, ತಿಂಗಳು ಕೂಡ ಹರಿದಿಲ್ಲ. ಒಂದ್ಸಲ ಗಾಳಿಗೆ ಅದು ಮೇಲೆದ್ದಾಗ ನಾನೇ ನೋಡೀನಿ, ಹಿಂದೆ ಗೋಡೆ ಪೂರಾ ಥಂಡಿ, ಗಾರೆ ಉಬ್ಬಿ ಬೆಳ್ಳಗೆ ಉಪ್ಪು ಎದ್ದೈತೆ, ಬೆರಳಿಟ್ರೆ ಐವರಿ ಬಣ್ಣ ಪುಡಿಪುಡಿ ಉದುರ್ತದೆ. ಮೊಳೆ ಕೂಡ ತುಕ್ಕು ಹಿಡಿದು ಕ್ಯಾಲೆಂಡರಿನ ದೇವರ ಹಣೆಗೆ ಕಂದು ಗೆರೆ ಇಳಿದಿತ್ತು.

"ಆ ಮೂಲೇಲೇ ಮಳೆನೀರು ಇಳಿಯೋ ಪೈಪ್ ಐತಲ್ವಾ?" ಅಂದೆ.

"ನೀನು ಯಾರ ಕಡೆಯೋನಲೇ?" ಅಂದ ಸೀನ.

ಸೆಂಟ್ರಿಂಗ್ ಅಣ್ಣಂಗೆ ಇದು ಬೇಕಾಗಿತ್ತು, ಮಿರ್ಚಿ ತಟ್ಟೆ ಪಕ್ಕಕ್ಕೆ ಸರಿಸಿ ಶುರು ಮಾಡ್ದ. ಜನ ಡೆಕ್ ಹಾಕ್ಸಿ ಕೆಡೋದು ಭಾರಕ್ಕಿಂತ ನೀರಿಗೇ ಜಾಸ್ತಿ ಅಂತೆ. ಫ್ರೇಮ್ ಅಲ್ಲಾಡಬಾರ್ದು ಅಂತ ಸ್ಲ್ಯಾಬಿಗೆ ಡ್ರಿಲ್ ಹೊಡೆದು ಬೋಲ್ಟ್ ಬಿಗೀತಾರೆ, ಒಂದೊಂದು ಬೋಲ್ಟೂ ಒಂದೊಂದು ತೂತು, ವಾಟರ್‌ಪ್ರೂಫಿಂಗ್ ಅಲ್ಲಿಗೆ ಮುಗೀತು. ಎರಡನೇದು, ಸ್ಲ್ಯಾಬಿನ ಇಳಿಜಾರಿಗೆ ಅಡ್ಡವಾಗಿ ಪಟ್ಟಿ ಹಾಕ್ತಾರೆ, ನೀರು ಅದಕ್ಕೆ ತಡೆದು ನಿಲ್ತದೆ, ಪಟ್ಟಿ ಇಳಿಜಾರಿನ ಉದ್ದಕ್ಕೇ ಓಡ್ಬೇಕು. ಮೂರನೇದೇ ದೊಡ್ಡದು, ಹಲಗೆ ಮುಚ್ಚಿದ್ಮೇಲೆ ಕೆಳಗೆ ಏನಾಗ್ತೈತೆ ಯಾರಿಗೂ ಕಾಣಲ್ಲ, ಪಕ್ಕದ ಹೊಂಗೆ ಮರದ ಎಲೆ ಸಂದಿಯಲ್ಲಿ ಇಳಿದು ಪೈಪ್ ಬಾಯಿಗೆ ಕುಂತು ಕೊಳೀತದೆ, ಜೋರು ಮಳೆ ಬಂದ್ರೆ ಡೆಕ್ ಕೆಳಗೆ ಕುಂದವಾಡ ಕೆರೆ, ಮೇಲೆ ನೀವು ಕುಂತು ಕಾಫಿ ಕುಡೀತಿರ್ತೀರಿ. ಅದಕ್ಕೆ ಪೈಪ್ ಇರೋ ಕಡೆ ಹಲಗೆ ಸ್ಕ್ರೂ ಬಿಚ್ಚದೆ ಎತ್ತೋ ಹಂಗೆ ಇರ್ಬೇಕು, ತಿಂಗಳಿಗೊಮ್ಮೆ ಎತ್ತಲೂ ಬೇಕು.

"ಎತ್ತೋರು ಯಾರು?" ಬುಲೆಟ್ ಕೇಳ್ದ.

"ಭಾಮೈದ" ಅಂದ್ರು ಮೇಷ್ಟ್ರು.

"ಈಗ ಮೊದ್ಲು ಮಾಡೋದು ಏನಪ್ಪ ಅಂದ್ರೆ" ಅಂದ ಸೆಂಟ್ರಿಂಗ್ ಅಣ್ಣ, "ಪೈಪ್ ಬಾಯಿಗೆ ಗೋಣಿ ತುರುಕಿ, ಸ್ಲ್ಯಾಬ್ ಮೇಲೆ ಎರಡಿಂಚು ನೀರು ನಿಲ್ಸು, ಎರಡು ದಿನ ಬಿಡು. ಎಲ್ಲಿ ಸೋರ್ತೈತೆ ಅದೇ ಹೇಳುತ್ತೆ."

ಹುಡುಗ ಫೋನಲ್ಲೇ ಲೆಕ್ಕ ಹಾಕಿದ. "ಒಂಬೈನೂರು ಲೀಟರ್ ಮೇಲೆ ಬೇಕು ಅಂಕಲ್. ಮೀಟರಿಗೆ 50 ಕೆಜಿ ಆಗುತ್ತೆ, ಆವಾಗ ನೀವ್ಯಾರೂ ಮೇಲೆ ಹತ್ಬೇಡಿ. ಅಪ್ಪ ಅಂತೂ ಬೇಡ."

"ಒಂಬೈನೂರು ಲೀಟರಾ? ನಲ್ಲಿ ನೀರು ಬರೋ ದಿನ ಅದನ್ನ ಸ್ಲ್ಯಾಬ್ ಮೇಲೆ ಸುರಿದ್ರೆ ನನ್ನ ಹೆಂಡ್ತಿ ನನ್ನನ್ನೂ ಅಲ್ಲೇ ನಿಲ್ಲಿಸ್ತಾಳೆ" ಅಂದ ಸೀನ. ಆದ್ರೂ ಒಪ್ಪಿದ, ಟ್ಯಾಂಕರ್ ತರಿಸ್ತೀನಿ ಅಂದ, ಡೆಕ್ ಹುಳ ಅಷ್ಟು ಗಟ್ಟಿ ಕಚ್ಕಂಡಿತ್ತು.

"ಆದ್ರೆ ಸೋರೋದು ನೋಡ್ಬೇಕಂದ್ರೆ ಒಳಗಿಂದ ಸ್ಲ್ಯಾಬ್ ತಳ ಕಾಣ್ಬೇಕಲ್ಲ" ಅಂದ ಸೆಂಟ್ರಿಂಗ್ ಅಣ್ಣ. "ಕಾರ್ ಆಚೆ ತೆಗಿ."

ಎಲ್ರೂ ಸುಮ್ನಾದ್ವಿ. ಸೀನನ ಕಾರು ನಿಲ್ಲೋದು ರಸ್ತೇಲಿ, ಬೇವಿನ ಮರದ ಕೆಳಗೆ, ಇದು ಇಡೀ ಬಿ ಬ್ಲಾಕಿಗೆ ಗೊತ್ತು. ಗ್ಯಾರೇಜಿನಾಗೆ ಇರೋದು ಕೆಟ್ಟಿರೋ ಕೂಲರು, ಅತ್ತೆ ಕೊಟ್ಟ ಹತ್ತಿ ಹಾಸಿಗೆಗಳು, ಮಗಳ ಚಿಕ್ಕ ಸೈಕಲ್ಲು, ಸೀನನ ಬಿಕಾಂ ನೋಟ್ಸು, ಗೃಹಪ್ರವೇಶದ ಶಾಮಿಯಾನದ ಬೊಂಬು, ಹಳೇ ಬಾಗಿಲು, ಅದ್ರ ಮೇಲೆ ಇನ್ನೊಂದು ಹಳೇ ಬಾಗಿಲು, ಹಿಂಗೆ ಸ್ಲ್ಯಾಬ್ ಮುಟ್ಟೋತನಕ. ಕ್ಯಾಲೆಂಡರ್ ಹತ್ರ ಹೋಗೋಕೆ ಪಕ್ಕಪಕ್ಕಕ್ಕೆ ನಡೀಬೇಕು.

"ಖಾಲಿ ಮಾಡಣ" ಅಂದ ಸೀನ, ನಮ್ಮನ್ನೆಲ್ಲ ಪ್ರೀತಿಯಿಂದ ನೋಡ್ತಾ. "ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೆ ಬಂದುಬಿಡ್ರಿ, ಐದು ಜನ ಆದ್ರೆ ಮಧ್ಯಾಹ್ನಕ್ಕೆ ಮುಗೀತದೆ. ತಿಂಡಿ ಬೆಣ್ಣೆ ದೋಸೆ ನನ್ದು."

ಬುಲೆಟ್ ಹರಿಹರದಲ್ಲಿ ಮದುವೆ ಐತಲ್ಲಪ ಅಂದ. ನನ್ನ ಹೆಂಡ್ತಿ ಕಡೆಯೋರದ್ದೂ ಒಂದು ಮದುವೆ ಅದೇ ದಿನ ಬಂದಿತ್ತು, ಮುಹೂರ್ತ ಸರಿಯಾಗಿ ಬೆಳಗ್ಗೆ ಆರಕ್ಕೇ. ಸೆಂಟ್ರಿಂಗ್ ಅಣ್ಣಂಗೆ ಜಗಳೂರಲ್ಲಿ ಅಕ್ಕನ ಮಗಳ ಲಗ್ನ. ಫೋನಲ್ಲಿ ಹುಡುಗ "ಅಂಕಲ್ ನೆಟ್‌ವರ್ಕ್ ಇಲ್ಲ" ಅಂತ ಸ್ಪಷ್ಟವಾಗಿ ಹೇಳಿ ಕಟ್ ಮಾಡಿದ.

ಮೇಷ್ಟ್ರು ಪೆನ್ನು ವಾಪಸ್ ಜೇಬಿಗೆ ಸಿಗಿಸ್ಕಂಡು, "ಆಷಾಢದಾಗೆ ಮೂರು ಮದುವೆ ಮಾಡ್ಸಿದ ಪುರೋಹಿತ ಯಾರಪ್ಪ?" ಅಂದ್ರು.

"ನೀವು ಬರ್ತೀರಲ್ಲ ಮೇಷ್ಟ್ರೆ?" ಅಂದ ಸೀನ.

"ನಂಗೆ ಬಿಪಿ ಐತಲ್ಲಪ್ಪ" ಅಂದ್ರು ಮೇಷ್ಟ್ರು.